ಸೌಂದರ್ಯ ಕ್ಷಮಿಸಲಿಲ್ಲ

“ಸುಳ್ಳು! ಅಲ್ಲಿ ಹಾಗಿಲ್ಲ!”

ಬಾಗಿಲ ಕಡೆಯಿಂದ ಬಂದ ಗಂಡುದನಿಗೆ ಲಾವಣ್ಯಳ ಓದು ಗಕ್ಕನೆ ನಿಂತಿತು. ಜೊತೆಗೇ ಕೊಬ್ಬರಿ ಶೆಡ್ಡಿನ ಮಚ್ಚುಗಳೂ ನಿಂತವು.

ಜಾವಗಲ್ಲಿನ ಆ ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕೂತು, ಒಣಗಿದ ಕಾಯಿಯ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಕೈ ಕೆಲಸದಲ್ಲಿ, ಕಿವಿ ಕತೆಯಲ್ಲಿ. ಅರಸೀಕೆರೆಯಲ್ಲಿ ಕಾಲೇಜು ಮುಗಿಸಿ ಬರುವ ಹತ್ತೊಂಬತ್ತರ ಲಾವಣ್ಯ, ಅಜ್ಜಿ ಮಹದೇವಮ್ಮನ ಪಕ್ಕ ಕೂತು, ಫೋನಿನಲ್ಲಿ ಬರುವ ಧಾರಾವಾಹಿ ಕಾದಂಬರಿಯನ್ನು ಎಲ್ಲರಿಗೂ ಗಟ್ಟಿಯಾಗಿ ಓದುತ್ತಾಳೆ. ಬರೆಯುವವರ ಹೆಸರು ಉಷಾರಾಣಿ. ಕಥಾನಾಯಕಿ ಸೌಂದರ್ಯ.

ಈಗ ಬಾಗಿಲಲ್ಲಿ ಖಾಲಿ ಚೀಲಗಳ ಕಟ್ಟು ಹೊತ್ತು ನಿಂತವನು ಬಸವಕುಮಾರ್. ಕೊಬ್ಬರಿಯನ್ನು ಅರಸೀಕೆರೆ ಮಾರುಕಟ್ಟೆಗೆ ಒಯ್ಯುವ ಟೆಂಪೋದ ಹೊಸ ಡ್ರೈವರ್.

“ಯಾವುದ್ರೀ ಸುಳ್ಳು?” ಲಾವಣ್ಯ ಎದ್ದು ನಿಂತಳು.

“‘ಬಾಗಿಲು ಅಲ್ಲೇ ಇದೆ, ನೀವಿನ್ನು ಹೊರಡಿ’ ಅಂತ ಗಂಡನಿಗೆ ಸೌಂದರ್ಯ ಹೇಳೋದೇ ಇಲ್ಲ. ಇವತ್ತಿನ ಅಧ್ಯಾಯದಲ್ಲಿ ಆ ಮಾತೇ ಇಲ್ಲ.”

ಲಾವಣ್ಯ ಫೋನನ್ನು ಎದೆಗೊತ್ತಿಕೊಂಡಳು. ಅಯ್ಯೋ... ಇವನಿಗೆ ಹೇಗೆ ಗೊತ್ತು?

“ಚೀಲ ಹೊರೋಕೆ ಬಂದೋರು ಚೀಲ ಹೊರಿ!”

“ಓದೋಕೆ ಕೂತೋರು ಇದ್ದಿದ್ದನ್ನ ಓದಿ!”

ಮಹದೇವಮ್ಮ ಮೊಮ್ಮಗಳ ದುಪಟ್ಟಾ ಹಿಡಿದೆಳೆದಳು. “ಏನೇ, ಇವ್ನು ಯೋಳೋದು ನಿಜವೇನೇ? ಅಂಗಾರೆ ಹೋದ ವಾರ ಅವಳು ಅತ್ತೆ ತಲೆ ಮೇಲೆ ಮಜ್ಜಿಗೆ ಸುರಿದಿದ್ದು?”

“ಅದೂ ನಂದೇ ಅಜ್ಜಿ...”

“ಥೂ ನಿನ್ನ! ಅದೇ ಕಣೇ ಚೆನ್ನಾಗಿದ್ದಿದ್ದು!”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಒಬ್ಬಳು ಮಾತ್ರ ನಗಲಿಲ್ಲ.

ಪುಷ್ಪಲತಾ. ಗಂಡನ ಏಟು ತಾಳಲಾರದೆ ತವರಿಗೆ ಬಂದು ಶೆಡ್ಡಿಗೆ ಸೇರಿದವಳು. ಈ ಭಾನುವಾರ ಅವಳ ಗಂಡ ಕುಮಾರಸ್ವಾಮಿ ಬೇಲೂರು ಕಡೆಯ ಬಿಕ್ಕೋಡಿನಿಂದ ಕರೆದೊಯ್ಯಲು ಬರುವವನಿದ್ದ. ಹೋಗುವುದೋ ಬಿಡುವುದೋ, ಅವಳಿಗೇ ತಿಳಿಯದು. ದಿನವೂ ಲಾವಣ್ಯಳನ್ನು ಕೇಳುತ್ತಿದ್ದದ್ದು ಒಂದೇ ಮಾತು: “ಸೌಂದರ್ಯ ಹೋಗ್ತಾಳೇನೇ?”

ಅದಕ್ಕೇ ಲಾವಣ್ಯ ಕತೆ ತಿರುಚಿದ್ದು. ಕತೆಯ ಹೆಣ್ಣಿಗಾದರೂ ಬೆನ್ನುಮೂಳೆ ಇರಲಿ ಎಂದು!

“ಅಂಗಾರೆ ನಿಜವಾಗ್ಲೂ ಏನು ಮಾಡ್ತಾಳಪ್ಪ ಅವಳು?” ಪುಷ್ಪಲತಾ ಬಸವಕುಮಾರನನ್ನೇ ಕೇಳಿದಳು.

ಬೇಡ... ಹೇಳಬೇಡ! ಲಾವಣ್ಯ ಕಣ್ಣಲ್ಲೇ ಬೇಡಿದಳು. ಆ ಪುಣ್ಯಾತ್ಮ ಅತ್ತ ನೋಡಲೇ ಇಲ್ಲ.

“ಕ್ಷಮಿಸ್ತಾಳೆ ಅಕ್ಕ. ಗಂಡನ ಜೊತೆ ವಾಪಸ್ ಹೋಗ್ತಾಳೆ.”

“ಓ...” ಪುಷ್ಪಲತಾ ಮಚ್ಚು ಕೆಳಗಿಟ್ಟಳು. “ಕತೇಲೂ ಬಿಟ್ಟು ಬಂದೋಳು ಒಬ್ಳಿಲ್ಲ ಅಂದಂಗಾಯ್ತು. ನಾನೂ ಹೋಗ್ತೀನಿ ಬಿಡು.”

ಬಸವಕುಮಾರ್ ಚೀಲದ ಕಟ್ಟು ಇಳಿಸಿ ಹೊರನಡೆದ.

ಲಾವಣ್ಯ ಟೆಂಪೋದವರೆಗೂ ಅವನ ಹಿಂದೆಯೇ ಓಡಿದಳು. 

“ಸಮಾಧಾನ ಆಯ್ತಾ? ಪುಷ್ಪಕ್ಕನ ಬೆನ್ನು ನೋಡಿದೀರಾ ನೀವು? ಬೆಲ್ಟಿನ ಬರೆ ಇನ್ನೂ ಹೋಗಿಲ್ಲ! ಅವಳನ್ನ ಅದೇ ಮನೆಗೆ ಕಳಿಸಿಬಿಟ್ರಿ!”

ಅವನ ಮುಖದ ಬಣ್ಣ ಇಳಿಯಿತು. “ನನಗೆ... ಗೊತ್ತಿರಲಿಲ್ಲ.”

“ಆ ಉಷಾರಾಣಿಗೂ ಏನೂ ಗೊತ್ತಿಲ್ಲ! ಗಂಡ ಹೊಡೀತಾನೆ, ಇವಳು ಬರೀತಾಳೆ, ‘ಕೆನ್ನೆಯ ಮೇಲೆ ಮೂಡಿದ ಬೆರಳುಗಳಲ್ಲೂ ಒಲವೇ ಅರಳಿತ್ತು’ ಅಂತೆ! ಒಲವಂತೆ! ಒಂದು ಸಲ ಹೊಡೆಸ್ಕೊಂಡು ಬಂದು ಬರೀಲಿ ನೋಡೋಣ. ಆ ಸೌಂದರ್ಯ ಮಾತೆತ್ತಿದ್ರೆ ಮೂರ್ಛೆ ಹೋಗ್ತಾಳೆ. ಮೈಯಲ್ಲಿ ರಕ್ತ ಇಲ್ವಾ ಅವಳಿಗೆ?”

“ಇಷ್ಟು ಕೆಟ್ಟದಾಗಿದ್ರೆ ಯಾಕೆ ಓದ್ತೀರಿ?”

ಲಾವಣ್ಯ ಒಂದು ಕ್ಷಣ ತಡವರಿಸಿದಳು. “ಒಂದು ಕಡೆ ಮಾತ್ರ... ಎಲ್ಲರೂ ಉಂಡ ಮೇಲೆ ಸೌಂದರ್ಯನ ತಾಯಿ ಪಾತ್ರೆ ತಳ ಕೆರೆದು, ನಿಂತ್ಕೊಂಡೇ ಉಪ್ಪಿಟ್ಟು ತಿಂತಾಳಲ್ಲ, ಅಲ್ಲಿ ಅತ್ತುಬಿಟ್ಟೆ. ಅದು ಕಟ್ಟಿದ್ದಲ್ಲ, ಯಾರೋ ಕಣ್ಣಾರೆ ಕಂಡಿದ್ದು. ಅಂಥದ್ದು ಇನ್ನೊಂದು ಸಿಗುತ್ತೇನೋ ಅಂತ ಓದ್ತೀನಿ.”

ಅವನು ಟೆಂಪೋದ ಬಾಗಿಲಿಗೆ ಒರಗಿದ.

“ಅದು ನಮ್ಮವ್ವ,” ಎಂದ ಕೊನೆಗೆ.

“ಏನು?”

“ಉಷಾರಾಣಿ ಅಂದ್ರೆ... ನಾನೇ.”

ಲಾವಣ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇವನಾ? ಈ ಚೀಲ ಹೊರುವವನಾ?

“ಗಂಡಸು ಬರೆದ ಪ್ರೇಮಕತೆ ಯಾರು ಓದ್ತಾರೆ ಅಂತ ಹೆಸರು ಬದಲಾಯಿಸ್ದೆ. ಆ ಏಟಿನ ಅಧ್ಯಾಯ... ಓದೋರಿಗೆ ಅಂಥದ್ದೇ ಬೇಕು ರೀ.”

“ನಾನೂ ಓದೋಳೇ! ನನಗೆ ಬೇಡ!”

ಅವನು ಟೆಂಪೋ ಹತ್ತಿ ಹೊರಟುಬಿಟ್ಟ. ಧೂಳು ಮಾತ್ರ ಉಳಿಯಿತು.

ಮಾರನೆಯ ದಿನ ಆ್ಯಪ್ ತೆರೆದರೆ ಕಾದಂಬರಿಯೇ ಇಲ್ಲ! ಮೊದಲಿನಿಂದ ಕೊನೆಯವರೆಗೆ ಮಾಯ. ಟೆಂಪೋಗೂ ಬೇರೆ ಡ್ರೈವರ್ ಬಂದಿದ್ದ.

ಹೆಂಗಸರು ಲಾವಣ್ಯಳ ಮೇಲೆ ಮುಗಿಬಿದ್ದರು. “ನೀನು ಸುಳ್ಳು ಸೇರಿಸಿ ಓದಿದ್ದಕ್ಕೇ ಕಣೇ ಕತೆ ಹೋಗಿದ್ದು!”

ಹೇಡಿ! ಎರಡು ಮಾತು ಬೈದಿದ್ದಕ್ಕೆ ಮುನಿಸಿಕೊಂಡು ಎಲ್ಲ ಅಳಿಸಿ ಓಡಿಹೋದ! ಹಾಗೆಂದು ಬೈದುಕೊಂಡರೂ ಅವಳ ಕಣ್ಣು ಮಾತ್ರ ಪ್ರತಿ ಟೆಂಪೋದ ಕಡೆಗೂ ಹೊರಳುತ್ತಿತ್ತು. ‘ಅದು ನಮ್ಮವ್ವ’ ಎಂದಾಗಿನ ಆ ದನಿ... ಛೆ! ಯಾಕೆ ಮರೆಯಲಾಗುತ್ತಿಲ್ಲ?

ಭಾನುವಾರ ಬಂದೇಬಿಟ್ಟಿತು.

ಜಾವಗಲ್ ಬಸ್ ನಿಲ್ದಾಣದಲ್ಲಿ ಹಳೇಬೀಡು, ಬೇಲೂರು ಕಡೆಗೆ ಹೋಗುವ ಬಸ್ಸು ನಿಂತಿತ್ತು. ಕುಮಾರಸ್ವಾಮಿ ಹೆಂಡತಿಯ ಬ್ಯಾಗನ್ನು ಆಗಲೇ ಒಳಗಿಟ್ಟಿದ್ದ. ಪುಷ್ಪಲತಾ ತಲೆ ಬಗ್ಗಿಸಿ ಬಾಗಿಲ ಬಳಿ ನಿಂತಿದ್ದಳು. ಕಳಿಸಲು ಬಂದ ಶೆಡ್ಡಿನ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

“ಪುಷ್ಪಕ್ಕ, ಹೋಗ್ಬೇಡ...” ಲಾವಣ್ಯ ಅವಳ ಕೈ ಹಿಡಿದಳು.

“ಏಯ್, ನಿಂಗೇನಮ್ಮ ನಮ್ಮ ಸಂಸಾರದ ಉಸಾಬರಿ?” ಕುಮಾರಸ್ವಾಮಿ ಗದರಿದ.

“ಒಂದು ನಿಮಿಷ ಅಕ್ಕ!”

ಜನರನ್ನು ತಳ್ಳಿಕೊಂಡು ಬಂದವನು ಬಸವಕುಮಾರ್! ಗಡ್ಡ ಬೆಳೆದಿತ್ತು. ಕಣ್ಣು ಕೆಂಪಾಗಿತ್ತು.

“ಅಕ್ಕ, ಸೌಂದರ್ಯನ ಕತೆ ಬರೆದೋನು ನಾನು. ಉಷಾರಾಣಿ ಅಂತ ಯಾರೂ ಇಲ್ಲ. ಏಟಿನಲ್ಲಿ ಪ್ರೀತಿ ಐತೆ ಅಂತ ಬರೆದ್ನಲ್ಲ, ಅದು ಸುಳ್ಳು. ಏಟು ತಿಂದೋರನ್ನ ಒಂದು ಮಾತು ಕೇಳದೆ ಬರೆದೆ. ಇನ್ನೊಬ್ಬಳು ಅದನ್ನ ಓದಿ ಬ್ಯಾಗ್ ಕಟ್ಟಬಾರದು ಅಂತ ಅಳಿಸಿಹಾಕಿದೀನಿ. ನನ್ನ ಕತೆ ನಂಬಿ ಬಸ್ಸು ಹತ್ತಬೇಡಿ. ಹತ್ತೋದಾದ್ರೆ ನಿಮ್ಮ ಮನಸ್ಸನ್ನ ಕೇಳಿ ಹತ್ತಿ.”

ಹಾಗಾದರೆ ಅವನು ಓಡಿಹೋಗಿರಲಿಲ್ಲ! 

“ಏನ್ಲಾ ಬಸವ, ಉಷಾರಾಣಿನೇನ್ಲಾ ನೀನು?” ಟೀ ಅಂಗಡಿಯಿಂದ ಯಾರೋ ಕೂಗಿದ. “ಸೀರೆ ಎಲ್ಲಿ ಮಡಗಿದ್ದೀಯಲಾ?”

ಗಂಡಸರ ನಗು ನಿಲ್ದಾಣದ ತುಂಬ ಹರಡಿತು. ಅವನ ಕಿವಿ ಕೆಂಪಗಾಯಿತು. ಆದರೆ ಅವನು ನಿಂತ ಜಾಗ ಬಿಟ್ಟು ಕದಲಲಿಲ್ಲ.

ಪುಷ್ಪಲತಾ ನಿಧಾನವಾಗಿ ತಲೆ ಎತ್ತಿದಳು. ಗಂಡನನ್ನು ನೇರವಾಗಿ ನೋಡಿದಳು.

“ರೀ, ಇನ್ನು ಕೈ ಎತ್ತಲ್ಲ ಅಂತ ಇಷ್ಟು ಜನದ ಮುಂದೆ ಒಂದು ಮಾತು ಹೇಳಿ. ಈಗ್ಲೇ ಬತ್ತೀನಿ.”

“ಹೆಂಡ್ತಿಗೆ ಮಾತು ಕೊಡಬೇಕಾ ನಾನು? ಬಾಯಿ ಮುಚ್ಕೊಂಡು ಹತ್ತೇ!”

“ಅಂಗಾರೆ ನೀವೊಬ್ರೇ ಹತ್ತಿ.”

ಅವಳು ತಾನೇ ಬಸ್ಸಿನೊಳಗೆ ಹೋಗಿ, ತನ್ನ ಬ್ಯಾಗನ್ನು ಹೊತ್ತುಕೊಂಡು ಇಳಿದು ಬಂದಳು. ಕುಮಾರಸ್ವಾಮಿ ಕೈ ಎತ್ತಿದ. ಅಷ್ಟರಲ್ಲಿ ಕಾಯಿ ಒಡೆದು ಗಟ್ಟಿಯಾದ ಕೈಗಳ ಹೆಂಗಸರೆಲ್ಲ ಅವಳ ಸುತ್ತ ನಿಂತಿದ್ದರು.

“ಹೊಡಿಯಪ್ಪ, ನೋಡಾನ,” ಎಂದಳು ಮಹದೇವಮ್ಮ.

ಎತ್ತಿದ ಕೈ ಹಾಗೇ ಇಳಿಯಿತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅವನೊಬ್ಬನನ್ನೇ ಹೊತ್ತು ಹಳೇಬೀಡಿನ ರಸ್ತೆಗೆ ತಿರುಗಿತು.

ಹೆಂಗಸರು ಪುಷ್ಪಲತಾಳನ್ನು ನಡುವಿಟ್ಟುಕೊಂಡು ಊರ ಕಡೆ ನಡೆದರು. ಲಾವಣ್ಯ ಮಾತ್ರ ಹಿಂದುಳಿದಳು. ಬಸವಕುಮಾರನೂ.

“ಹೇಡಿ ಅಂದ್ಕೊಂಡಿದ್ದೆ ನಿಮ್ಮನ್ನ,” ಎಂದಳು ಮೆಲ್ಲಗೆ.

“ಆಗಿದ್ದೆ. ಮನೇಲಿ ಕೂತು ಆ ಅಧ್ಯಾಯ ತಿದ್ದೋಕೆ ನೋಡ್ದೆ. ಒಂದು ಸಾಲೂ ಬರಲಿಲ್ಲ. ಪುಷ್ಪಕ್ಕ ಈಗ ಆಡಿದ ಮಾತು ನನ್ನಿಂದ ಯಾವ ಜನ್ಮಕ್ಕೂ ಆಗ್ತಿರಲಿಲ್ಲ.”

“ನನ್ನಿಂದ್ಲೂ ಆಗ್ತಿರಲಿಲ್ಲ. ನಾನು ಬರೀ ಮಜ್ಜಿಗೆ ಸುರಿಸ್ತಿದ್ದೆ.”

ಅವನು ನಕ್ಕ. ಅವಳೂ ನಕ್ಕಳು.

“ಇನ್ಮೇಲೆ ನನ್ನ ಹೆಸರಲ್ಲೇ ಬರೀತೀನಿ. ಬರೆದಿದ್ದನ್ನ ಮೊದಲು ನೀವು ಓದ್ತೀರಾ?”

“ಕೆಟ್ಟದಾಗಿದ್ರೆ ಬಾಯಿಗೆ ಬಂದಂಗೆ ಬೈತೀನಿ.”

“ಬೈಯಿರಿ. ಇಷ್ಟು ಜನ ‘ಸೂಪರ್’ ಅಂದಿದಾರೆ. ಅದರಲ್ಲಿ ನೀವೊಬ್ರೇ ನಮ್ಮವ್ವನ್ನ ನೋಡಿದ್ದು. ಅವತ್ತಿಂದ ನಾನು... ನಿಮ್ಮನ್ನ...”

“ನಿಮ್ಮನ್ನ?”

ಅವನು ನೆಲ ನೋಡಿದ. ಲಾವಣ್ಯಳಿಗೆ ನಾಚಿಕೆಯೂ ಬಂತು, ಸಿಟ್ಟೂ ಬಂತು.

“ಅರ್ಧಕ್ಕೆ ನಿಲ್ಲಿಸಿ ಓದೋರನ್ನ ಕಾಯ್ಸೋದು ಫೋನಿನ ಕತೇಲಿ ಇಟ್ಕೊಳ್ಳಿ. ನನ್ನ ಹತ್ರ ಪೂರ್ತಿ ಹೇಳ್ಬೇಕು!”

“ಪ್ರೀತಿಸ್ತೀನಿ ಲಾವಣ್ಯ.”

 ಅವಳು ಒಳ್ಳೆಯ ಸಾಲನ್ನು ಮತ್ತೊಮ್ಮೆ ಓದುವಂತೆ ಅವನ ಮುಖವನ್ನೇ ನೋಡಿದಳು.

“ಇದು ನಿಜ ಅನ್ಸುತ್ತೆ,” ಎಂದಳು. “ನಾನು ಒಂದಕ್ಷರಾನೂ ಬದಲಾಯಿಸಲ್ಲ.”