ಹೊಟ್ಟೆಯ ಸದ್ದು ಅಳಿಸುವವನು

ಪ್ರೀತಿಯ ಕಥೆಗೆ ಚೆಂದದ ಮಾತು ಬೇಕು. ಈ ಕಥೆಯಲ್ಲೋ ನಡುನಡುವೆ ಒಂದು ಹೊಟ್ಟೆ ಗುರುಗುಟ್ಟುತ್ತದೆ. ಇಂಥದ್ದನ್ನು ಹೇಳಬಹುದೋ ಬಾರದೋ ಎಂಬ ಅಳುಕು ಇದ್ದೇ ಇದೆ. ತಪ್ಪಿದ್ದರೆ ಓದುವವರು ಮನ್ನಿಸಬೇಕು.

ಕುಂಬಳೆಯ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಸುಪ್ರೀತಾ ಆಡಿಯೋಬುಕ್‌ಗಳಿಗೆ ದನಿ ಕೊಡುತ್ತಿದ್ದಳು. ಒಂದು ವಾರ ಕೊಲೆಗಾರ, ಇನ್ನೊಂದು ವಾರ ಮಕ್ಕಳ ಕಥೆಯ ಮೊಲ. ನಡುವೆ ಅಡುಗೆ ಪುಸ್ತಕ, ಸಕ್ಕರೆ ಕಾಯಿಲೆಯ ಪುಸ್ತಕ. ಕಿಟಕಿಗೆ ಕಂಬಳಿ ಹೊದಿಸಿ, ಫ್ಯಾನ್ ನಿಲ್ಲಿಸಿ, ಬೆವರುತ್ತ ಓದುವುದು. ಉಂಡರೆ ದನಿ ಭಾರವಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಓದು ಮುಗಿಯುವ ತನಕ ಏನನ್ನೂ ತಿನ್ನುತ್ತಿರಲಿಲ್ಲ.

ಪ್ರೇಮ ಕಾದಂಬರಿ ಅವಳಿಗೆ ಸಿಕ್ಕಿದ್ದು ಇದೇ ಮೊದಲು. ಆದರೆ ಕೊನೆಯ ಅಧ್ಯಾಯದ ಓದು ಸರಿಯಿಲ್ಲವೆಂದು ಆಡಿಯೋಬುಕ್ ಕಂಪೆನಿಯವರು ಅದನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದರು. ಈ ಸಂಜೆಯೊಳಗೆ ಸರಿಯಾಗದಿದ್ದರೆ ಇಡೀ ಪುಸ್ತಕ ಬೇರೆಯವರ ಪಾಲು ಎಂದು ಫೋನೂ ಬಂತು.

ಆಗಲೇ ಬಾಗಿಲು ತಟ್ಟಿದ ಸದ್ದು. ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದ ಒಬ್ಬ ಯುವಕ.

"ನಾನು ವಿಜೇತ್. ಪೈವಳಿಕೆಯಿಂದ ಬಂದದ್ದು. ನಿಮ್ಮ ಫೈಲ್ ಎಡಿಟ್ ಮಾಡುವವ."

ಎರಡು ವರ್ಷ ಬರೀ ಮೆಸೇಜಾಗಿದ್ದವನಿಗೆ ಇಷ್ಟು ನಾಚುವ ಕಣ್ಣುಗಳಿರಬಹುದೆಂದು ಅವಳು ಎಣಿಸಿರಲಿಲ್ಲ.

"ಹುಡುಕಿಕೊಂಡು ಬಂದು ಬೈಯುವಷ್ಟು ಕೆಟ್ಟದಾಗಿ ಉಂಟಾ ನನ್ನ ಓದು?"

"ನಾಯಕಿ ಪ್ರೀತಿ ಹೇಳುವಾಗ ಕೈಯಲ್ಲಿ ಚೂರಿ ಉಂಟು ಅಂತ ಕಾಣ್ತದೆ ಮಾರಾಯ್ರೆ. ನಾನಾದ್ರೆ ಓಡಿ ಹೋಗ್ತಿದ್ದೆ."

"ಮೊನ್ನೆಯ ಕೊಲೆಗಾರ ಇನ್ನೂ ಗಂಟಲಲ್ಲೇ ಇದ್ದಾನೆ," ಎಂದು ನಗಲು ಹೋದಳು. ಕಣ್ಣು ತುಂಬಿತು.

"ಕೊಲೆಗಾರ ಅಲ್ಲ. ಹಸಿವು."

"ಅದು ನಿಮಗೆ ಹೇಗೆ ಗೊತ್ತು?"

"ನಿಮ್ಮ ಹೊಟ್ಟೆ ಎರಡು ವರ್ಷದಿಂದ ನನ್ನ ಹತ್ತಿರ ಮಾತಾಡ್ತಾ ಉಂಟು. ಮೈಕಿಗೆ ಎಲ್ಲ ಕೇಳ್ತದೆ. ಬೆಳಿಗ್ಗೆ ಸಣ್ಣಕ್ಕೆ ಗುರ್ ಅಂತದೆ, ಮಧ್ಯಾಹ್ನ ಜಗಳಕ್ಕೇ ಬರ್ತದೆ. ಅಡುಗೆ ಪುಸ್ತಕದಲ್ಲಿ ಪಾಯಸ ಬಂದಾಗಂತೂ..."

"ಅಯ್ಯೋ ದೇವರೇ, ಸಾಕು!" ಅವಳು ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಇಣುಕಿದರೆ, ಅವನು ನಗುತ್ತಿರಲಿಲ್ಲ.

"ಒಂದೂ ಹೊರಗೆ ಹೋಗಲಿಲ್ಲ. ಎಲ್ಲ ಅಳಿಸಿದ್ದೇನೆ. ಆದ್ರೆ ಅಳಿಸುವಾಗೆಲ್ಲ, ಇವತ್ತೂ ಇವಳು ಉಣ್ಲಿಲ್ಲ ಅಂತ... ನನಗೇ ಊಟ ಸೇರುದಿಲ್ಲ."

'ಇವಳು' ಎಂದದ್ದು ಅವನಿಗೆ ಆಮೇಲೆ ಹೊಳೆಯಿತು. ಕಿವಿ ಕೆಂಪಾಯಿತು. ಅವಸರದಿಂದ ಕ್ಯಾರಿಯರ್ ಬಿಚ್ಚಿದ. ನೀರುದೋಸೆ, ಬೆಲ್ಲ ಬೆರೆಸಿದ ಕಾಯಿತುರಿ.

"ಅಮ್ಮ ಮಾಡಿದ್ದಾ?"

"ನಾನೇ. ನಿಮ್ಮ ಅಡುಗೆ ಪುಸ್ತಕ ಕೇಳಿ ಕಲಿತದ್ದು. ದೋಸೆ ಹರಿದಿದ್ರೆ ತಪ್ಪು ನಿಮ್ಮದು!"

ದೋಸೆ ಹರಿದೇ ಇತ್ತು. ಅವಳು ಒಂದು ಚೂರೂ ಬಿಡದೆ ತಿಂದಳು. ತನ್ನ ದನಿಯನ್ನು ಹೊಗಳಿದವರಿದ್ದರು. ದನಿಯ ಹಿಂದೆ ಒಂದು ಹೊಟ್ಟೆಯಿದೆ ಎಂದು ನೆನೆದವರು ಯಾರೂ ಇರಲಿಲ್ಲ. ಆ ಉಪಕಾರವನ್ನು ನೆನೆಯುತ್ತ ಕೈ ತೊಳೆದು ಮೈಕಿನ ಮುಂದೆ ಕೂತಳು.

ಕೊನೆಯ ಸಾಲು ಬಂದಾಗ ಅವಳ ಕಣ್ಣು ಪುಟದಿಂದ ಎದ್ದು ಅವನ ಮೇಲೆ ನಿಂತಿತು. "ನೀನು ಇದ್ದೀಯಲ್ಲ, ಅದಕ್ಕೆ ನಾನು ಯಾರಿಗೆ ಕೈಮುಗಿಯಲಿ?"

ಇಷ್ಟು ದಿನ ಚೂರಿಯಂತಿದ್ದ ಮಾತು ಈಗ ಮೆತ್ತಗೆ ನಡುಗಿತು.

ಅವನು ತುಟಿಯ ಮೇಲೆ ಬೆರಳಿಟ್ಟ. ಸದ್ದು ಅಳಿಸಿದ ಕಡೆ ತುಂಬಲು, ಪ್ರತಿ ಅಧ್ಯಾಯದ ಕೊನೆಗೆ ಕೋಣೆಯ ಮೌನವನ್ನೂ ತುಸು ಹೊತ್ತು ರೆಕಾರ್ಡ್ ಮಾಡಬೇಕು. ಅದು ಅವರ ಕೆಲಸದ ಕ್ರಮ. ಇಬ್ಬರೂ ಅಲುಗಾಡಲಿಲ್ಲ. ಅವನ ನೋಟ ಅವಳ ಹಣೆಯ ಬೆವರಿಗೆ ಹೋಯಿತು, ಕಣ್ಣಿಗೆ ಬಂತು, ಅಲ್ಲೇ ಉಳಿಯಿತು.

ಮೌನ ಮುರಿದವಳು ಅವಳೇ. "ವಿಜೇತ್, ನಾಳೆಯೂ ಬನ್ನಿ. ದೋಸೆ ಇಲ್ಲದಿದ್ರೂ ಅಡ್ಡಿಲ್ಲ."

"ಎಂತ ಮಾರಾಯ್ರೆ, ರೆಕಾರ್ಡ್ ಆಗ್ತಾ ಉಂಟು! ಅಳಿಸ್ಬೇಕಾ?"

"ಪುಸ್ತಕದಿಂದ ಅಳಿಸಿ," ಎಂದಳು ಸುಪ್ರೀತಾ, "ನಿಮ್ಮ ಹತ್ತಿರ ಇರ್ಲಿ."

ಸಂಜೆ ಕಂಪೆನಿಯವರು ಅಧ್ಯಾಯವನ್ನು ಒಪ್ಪಿದರು. ಮರುದಿನ ಅವನು ಬಂದ. ಅದರ ಮರುದಿನವೂ ಬಂದ. ಎರಡೂ ಮನೆಯ ಹಿರಿಯರಿಗೆ ಇದನ್ನು ಯಾರು ಹೇಳಿದರು, ಅವರು ಏನೆಂದರು ಎಂಬುದು ಮಾತ್ರ ಗೊತ್ತಿಲ್ಲ.