ನೀಲಿ ತುದಿಯ ಫೋರ್ಕ್

"ಮೇಜು ಎಷ್ಟು?"

ಟ್ರೆವರ್ ಕೇಳಿದ್ದು ಇಷ್ಟೇ. ಆ ಹೆಂಗಸು ತಲೆಯೆತ್ತಿ ನೋಡಿದ ರೀತಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಮೇಜು ಮಾರಾಟಕ್ಕಿಲ್ಲ. ಮೇಜಿನ ಮೇಲಿರೋದು ಮಾರಾಟಕ್ಕಿದೆ. ಬೆಳಗ್ಗೆಯಿಂದ ನೀವು ಎಂಟನೆಯವರು. ಮೊದಲು ಬಂದ ಇಬ್ಬರು ನಾನು ಕಾರು ನಿಲ್ಲಿಸೋ ಮುಂಚೆನೇ ಟಾರ್ಚ್ ಹಿಡ್ಕೊಂಡು ಡಿಕ್ಕಿಗೆ ಕೈ ಹಾಕಿದ್ರು. ಒಂದೊಂದು ಡಬ್ಬನೂ ಬಿಚ್ಚಿ ನೋಡಿದ್ರು. ಕೊನೆಗೆ ಕೇಳಿದ್ದೇನು ಗೊತ್ತಾ? ಮೇಜು ಎಷ್ಟು ಅಂತ!"

"ನಾನು ಗಿರಾಕಿ ಅಲ್ಲ. ಪಕ್ಕದ ಜಾಗದವನು. ನನ್ನ ಮೇಜಿನ ಕಾಲು ಮುರೀತು."

ಅವಳು ಬಗ್ಗಿ ಅವನ ವ್ಯಾನಿನತ್ತ ನೋಡಿದಳು. ಉಳಿ, ಗರಗಸ, ಸ್ಪ್ಯಾನರುಗಳೆಲ್ಲ ಕಾಂಕ್ರೀಟಿನ ಮೇಲೆ ಚೆಲ್ಲಿದ್ದವು. ಅವುಗಳ ನಡುವೆ ಮೂರು ಕಾಲಿನ ಮೇಜು ಮಂಡಿಯೂರಿ ಕುಳಿತಿತ್ತು. ಅವಳ ತುಟಿಯ ಒಂದು ಕೊನೆ ಮಾತ್ರ ಅಲುಗಿತು.

"ಹಾಗಾದ್ರೆ ಒಂಬತ್ತನೆಯವರು ಬಂದಾಗ ನೀವೇ ಉತ್ತರ ಕೊಡಿ. ನಂಗೆ ಸಾಕಾಗಿದೆ."

ಒಂಬತ್ತನೆಯವನು ಐದೇ ನಿಮಿಷದಲ್ಲಿ ಬಂದ. ಮೇಜಿನ ಅಂಚನ್ನು ಸವರಿದ, ಕಾಲನ್ನು ಮಡಚಿ ನೋಡಿದ, ಬಾಯಿ ತೆರೆದ. ಟ್ರೆವರ್ ತನ್ನ ಜಾಗದಿಂದಲೇ ಕೂಗಿದ: "ಮೇಜು ಮಾರಾಟಕ್ಕಿಲ್ಲ!" ಕೂಗಿ ಪಕ್ಕಕ್ಕೆ ನೋಡಿದ. ಅವಳು ಫ್ಲಾಸ್ಕಿನ ಮುಚ್ಚಳದಲ್ಲಿದ್ದ ಟೀಯೊಳಗೆ ಮುಖ ಇಟ್ಟು ನಗುತ್ತಿದ್ದಳು. ಟೀ ಮೂಗಿಗೆ ಹತ್ತಿ ಕೆಮ್ಮಿದಳು.

ಅದು ಮೇ ತಿಂಗಳ ಮೊದಲ ಭಾನುವಾರ. ಲಿಂಕನ್‌ಶೈರಿನ ಆ ರನ್‌ವೇ ಮೇಲೆ ಯುದ್ಧಕಾಲದ ವಿಮಾನಗಳು ಇಳಿದು ಎಷ್ಟೋ ವರ್ಷಗಳಾಗಿದ್ದವು. ಈಗ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಭಾನುವಾರಗಳಂದು ಅಲ್ಲಿ ಕಾರುಗಳು ಸಾಲಾಗಿ ನಿಂತು ಡಿಕ್ಕಿ ತೆರೆಯುತ್ತಿದ್ದವು. ಮನೆಗೆ ಬೇಡವಾದದ್ದು ಡಿಕ್ಕಿಯಿಂದ ಮೇಜಿಗೆ ಬರುತ್ತಿತ್ತು. ಮಧ್ಯಾಹ್ನ ಬಹುಪಾಲು ಮೇಜಿನಿಂದ ಡಿಕ್ಕಿಗೆ ಹೋಗುತ್ತಿತ್ತು.

ಅವಳ ಹೆಸರು ಹೀದರ್. ಐವತ್ತೆರಡು ವರ್ಷ. ಗಂಡ ಎಂಟು ವರ್ಷದ ಹಿಂದೆ ಒಂದು ಸೂಟ್‌ಕೇಸ್ ಹಿಡಿದು, ಉಳಿದದ್ದೆಲ್ಲ ನೀನೇ ಇಟ್ಟುಕೋ ಎಂದು ಹೋಗಿದ್ದ. ಉಳಿದದ್ದು ಎಂದರೆ ಬ್ರೆಡ್ ಮಾಡುವ ಯಂತ್ರ, ಕಾಲು ತೊಳೆಯುವ ಯಂತ್ರ, ಸ್ಲೈಡ್ ಪ್ರೊಜೆಕ್ಟರ್, ನಾಲ್ಕು ಜೊತೆ ಪರದೆ ಮತ್ತು ಮದುವೆಗೆ ಯಾರೋ ಕೊಟ್ಟಿದ್ದ ಒಂದು ಫಾಂಡ್ಯೂ ಪಾತ್ರೆ.

"ಅವನು ಉದಾರಿ ಅಂತ ಎಲ್ಲರೂ ಅಂದ್ರು," ಎಂದಳು ಎರಡನೆಯ ಭಾನುವಾರ. "ಒಬ್ಬರಾದ್ರೂ ಈ ಕಾಲು ತೊಳೆಯೋ ಯಂತ್ರ ಎತ್ತಿ ನೋಡಿದ್ದಾರಾ? ಎಂಟು ಕಿಲೋ ಇದೆ."

ಮೂರನೆಯ ಭಾನುವಾರದ ಹೊತ್ತಿಗೆ ಅವರು ನೀವು ಬಿಟ್ಟು ನೀನು ಎನ್ನುತ್ತಿದ್ದರು. ಯಾರು ಮೊದಲು ಅಂದರೋ ಇಬ್ಬರಿಗೂ ನೆನಪಿರಲಿಲ್ಲ.

ವ್ಯಾಪಾರ ಮಾತ್ರ ಆಗುತ್ತಿರಲಿಲ್ಲ. ಒಬ್ಬಾಕೆ ಬ್ರೆಡ್ ಯಂತ್ರದ ಮುಚ್ಚಳ ತೆರೆದು, ಮೂಸಿ, "ಕೆಲಸ ಮಾಡುತ್ತಾ?" ಎಂದು ಕೇಳಿದಳು.

"ಮಾಡುತ್ತೆ."

"ಹಾಕಿ ತೋರಿಸಿ."

"ರನ್‌ವೇನಲ್ಲಿ ಪ್ಲಗ್ ಎಲ್ಲಿ ಹುಡುಕ್ಲಿ?"

"ಮತ್ತೆ ನಂಬೋದು ಹೇಗೆ? ಐವತ್ತು ಪೆನ್ಸ್ ಕೊಡ್ತೀನಿ."

ಅದಕ್ಕೆ ಹೀದರ್ ಹಚ್ಚಿದ ಚೀಟಿ ಇಪ್ಪತ್ತು ಪೌಂಡಿನದು. ಪ್ರೊಜೆಕ್ಟರಿಗೆ ಮೂವತ್ತು. ಫಾಂಡ್ಯೂ ಪಾತ್ರೆಗೆ ಹದಿನೈದು. ಆ ಮೈದಾನದಲ್ಲಿ ಆ ಬೆಲೆ ಕೇಳಿದವರು ನಕ್ಕು ಮುಂದೆ ಹೋಗುತ್ತಿದ್ದರು.

"ಐದಕ್ಕೆ ಇಳಿಸು," ಎಂದ ಟ್ರೆವರ್. "ಹೋಗುತ್ತೆ."

"ಬೇಡ."

"ಹಠ ಯಾಕೆ?"

ಅವಳು ಬೆರಳು ಕತ್ತರಿಸಿದ ಉಣ್ಣೆಯ ಗ್ಲೋವ್ಸನ್ನು ಹಲ್ಲಿನಲ್ಲಿ ಎಳೆದು ಬಿಚ್ಚಿ, ಫ್ಲಾಸ್ಕ್ ತಿರುಗಿಸಿ, ಅವನಿಗೂ ಟೀ ಸುರಿದಳು. ಮುಚ್ಚಳ ಕೊಡುವಾಗ ಅವನನ್ನೇ ನೋಡಿದಳು. ಬಿಸಿಲಿಗೆ ಕಣ್ಣು ಕಿರಿದಾಗಿದ್ದವು; ಅವುಗಳೊಳಗೆ ಏನೋ ಒಂದು ತಮಾಷೆ ಇತ್ತು, ಅದೇನೆಂದು ಅವನಿಗೆ ತಿಳಿಯಲಿಲ್ಲ.

"ನೀನು ಗರಗಸದ ಹಲ್ಲು ಎಣಿಸ್ಕೊಂಡಿರು," ಎಂದಳು.

ಟ್ರೆವರ್ ಐವತ್ತಾರರವನು. ಹಳೆಯ ಸಲಕರಣೆ ಕೊಂಡು, ತುಕ್ಕು ಉಜ್ಜಿ, ಹಿಡಿಗೆ ಎಣ್ಣೆ ಹಚ್ಚಿ ಮಾರುವುದು ಅವನ ಕಸುಬು. ನೀನು ನನ್ನನ್ನು ಪ್ರೀತಿಸ್ತೀಯಾ ಎಂದು ಹೆಂಡತಿ ಕೇಳಿದ ದಿನ ಅವನು ಏಣಿ ಹಾಕಿ ಸೂರಿನ ಸೋರುವ ಕೊಳವೆ ಸರಿಮಾಡಿದ್ದ. ಅದೇ ಉತ್ತರ ಎಂದು ಅವನು ತಿಳಿದಿದ್ದ. ಕೊಳವೆ ಈಗಲೂ ಸೋರುವುದಿಲ್ಲ. ಹೆಂಡತಿ ಬಿಟ್ಟುಹೋಗಿ ಹನ್ನೊಂದು ವರ್ಷ.

ಜೂನ್‌ನಲ್ಲಿ ಒಂದು ದಿನ ಹೀದರ್ ತನ್ನ ಅಕ್ಕನ ವಿಷಯ ಹೇಳಿದಳು. ಮೊರಾಗ್ ದೂರದ ಉತ್ತರದ ಇನ್ವರ್ನೆಸ್‌ನಲ್ಲಿ ಒಬ್ಬಳೇ ಇದ್ದಾಳೆ. ಕಣ್ಣು ಹೋಗುತ್ತಿದೆ. ಕೆಟಲ್ ಇಡಲು ಹೋಗಿ ಕೈ ಸುಟ್ಟುಕೊಂಡಿದ್ದಾಳೆ. ಬಾಡಿಗೆ ಮನೆ ಖಾಲಿ ಮಾಡಿ ಹೀದರ್ ಅಲ್ಲಿಗೆ ಹೋಗಬೇಕು.

"ಯಾವಾಗ?" ಟ್ರೆವರ್ ಸ್ಪ್ಯಾನರ್ ಒಂದನ್ನು ಒರೆಸುತ್ತಲೇ ಇದ್ದ.

"ಸಾಮಾನು ಮುಗಿದ ತಕ್ಷಣ ಬರ್ತೀನಿ ಅಂದಿದೀನಿ. ಪ್ರತಿ ಭಾನುವಾರ ಸಂಜೆ ಫೋನ್ ಮಾಡ್ತಾಳೆ. ಎಷ್ಟು ಹೋಯ್ತು ಅಂತ ಕೇಳ್ತಾಳೆ. ಅವಳಿಗೆ ಸುಳ್ಳು ಹೇಳೋಕೆ ನಂಗೆ ಬರಲ್ಲ."

"ಮುಗೀದಿದ್ರೆ?"

"ಅಕ್ಟೋಬರ್‌ಗೆ ಸೀಸನ್ ಮುಗಿಯುತ್ತಲ್ಲ." ಅವಳು ಪರದೆಗಳನ್ನು ಮತ್ತೆ ಮಡಚಿದಳು. ಮಡಚಿದ್ದನ್ನೇ ಮಡಚುತ್ತಿದ್ದಳು.

ಅದೇ ದಿನ ಒಬ್ಬ ಮುದುಕ ಫಾಂಡ್ಯೂ ಪಾತ್ರೆಯ ಡಬ್ಬ ತೆರೆದು ಕುಳಿತ. ಚೀಸ್ ಕರಗಿಸಿ, ಉದ್ದ ಫೋರ್ಕಿಗೆ ಬ್ರೆಡ್ಡಿನ ತುಂಡು ಚುಚ್ಚಿ, ಅದ್ದಿ ತಿನ್ನುವ ಪಾತ್ರೆ ಅದು. ಯಾರ ಫೋರ್ಕ್ ಯಾರದೆಂದು ತಿಳಿಯಲು ತುದಿಗೊಂದು ಬಣ್ಣ. ಮುದುಕ ಪಾತ್ರೆಯನ್ನು ಬೆಳಕಿಗೆ ಹಿಡಿದು, "ಆಗಲಮ್ಮ, ಹದಿನೈದು ಕೊಡ್ತೀನಿ," ಎಂದ.

ಟ್ರೆವರ್‌ಗೆ ಖುಷಿಯಾಯಿತು. ಆದರೆ ಹೀದರ್, "ಅಯ್ಯೋ, ಇದರಲ್ಲಿ ಒಂದು ಫೋರ್ಕ್ ಇಲ್ಲ. ನೋಡಿ, ಐದೇ ಇವೆ. ನೀಲಿದು ಕಳೆದುಹೋಗಿದೆ," ಎಂದಳು. ಮುದುಕ ಗೊಣಗಿ ಎದ್ದುಹೋದ.

ಪಾಪ, ಬಂದ ಒಬ್ಬ ಗಿರಾಕಿಯೂ ಹೋದ ಎಂದುಕೊಂಡ ಟ್ರೆವರ್. ಗಾಳಿ ಬೀಸುತ್ತಿತ್ತು. ಆ ಬಯಲಿನಲ್ಲಿ ಗಾಳಿಗೆ ಅಡ್ಡವೆಂಬುದೇ ಇಲ್ಲ. ಕಾಲರ್ ಎತ್ತಿಕೊಂಡು, ಯಾರಿಗೂ ಬೇಡದ ಸಾಮಾನಿನ ಹಿಂದೆ ಅವಳು ನಿಂತಿದ್ದನ್ನು ಇನ್ನೊಂದು ವಾರ ನೋಡುವುದು ತನ್ನಿಂದಾಗದು ಎಂದು ಅವನಿಗೆ ಅನ್ನಿಸಿತು. ಅದನ್ನು ಅವಳಿಗೆ ಹೇಳಬಹುದಿತ್ತು. ಅವನು ಎದ್ದು ಡಾಟ್ ಹತ್ತಿರ ಹೋದ.

ಡಾಟ್ ಗೇಟಿನ ಬಳಿ ವ್ಯಾನಿನಲ್ಲಿ ಬೇಕನ್ ರೋಲ್ ಮಾರುವವಳು.

"ನಾನು ಯಾಕೆ ಕೊಂಡ್ಕೋಬೇಕು?" ಎಂದಳು ಡಾಟ್, ಬೇಕನ್ ತಿರುವಿಹಾಕುತ್ತಾ. "ನೀನೇ ಹೋಗಿ ಕೊಂಡ್ಕೋ."

"ನಾನು ಕೊಂಡ್ರೆ ಗೊತ್ತಾಗುತ್ತೆ."

"ಏನು ಗೊತ್ತಾಗುತ್ತೆ?"

ಟ್ರೆವರ್ ಸಾಸ್ ಬಾಟಲಿಯನ್ನು ನೋಡಿದ.

"ಲೋ ಟ್ರೆವರ್, ಗೊತ್ತಾದ್ರೆ ಒಳ್ಳೇದಲ್ವೇನೋ ದಡ್ಡ," ಎಂದಳು ಡಾಟ್. ಆದರೂ ಏಪ್ರನ್ ಬಿಚ್ಚಿಟ್ಟು ಹೊರಟಳು.

ಮುಂದಿನ ಆರು ಭಾನುವಾರಗಳಲ್ಲಿ ಬ್ರೆಡ್ ಯಂತ್ರ ಹೋಯಿತು, ಪ್ರೊಜೆಕ್ಟರ್ ಹೋಯಿತು, ಪರದೆಗಳು ಹೋದವು. ಒಮ್ಮೆ ಡಾಟ್, ಇನ್ನೊಮ್ಮೆ ಅವಳ ತಂಗಿ, ಮತ್ತೊಮ್ಮೆ ಗೇಟಿನಲ್ಲಿ ಟಿಕೆಟ್ ಹರಿಯುವವನು ಬಂದು, ಚೀಟಿಯಲ್ಲಿದ್ದ ಬೆಲೆ ಕೊಟ್ಟು, ಚೌಕಾಸಿ ಇಲ್ಲದೆ ಎತ್ತಿಕೊಂಡರು. ಫಾಂಡ್ಯೂ ಪಾತ್ರೆಗೆ ಹೀದರ್, "ಒಂದು ಫೋರ್ಕ್ ಇಲ್ಲ," ಎಂದಾಗ ಡಾಟ್, "ಐದೇ ಸಾಕು ಕಣಮ್ಮ," ಎಂದುಬಿಟ್ಟಳು.

ಹೀದರ್ ದುಡ್ಡು ಕೈಯಲ್ಲಿ ಹಿಡಿದು ನಿಂತಳು. ಅವಳ ಮುಖ ಬಿಳಿಚಿಕೊಂಡಿದ್ದನ್ನು ಟ್ರೆವರ್ ಕಂಡ. ನಂಬಲಾಗದ ಸಂತೋಷಕ್ಕೂ ಮುಖ ಹಾಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

"ಎಲ್ಲ ಹೋಗ್ತಾ ಇದೆ," ಎಂದಳು ಆಮೇಲೆ.

"ಒಳ್ಳೇದೇ ಆಯ್ತಲ್ಲ."

"ಒಳ್ಳೇದಾ?"

"ಚಳೀಲಿ ನಿಲ್ಲೋದು ತಪ್ಪಿತು."

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಈ ಸಲ ಆ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ಅವನು ಏನೋ ಹೇಳಲಿ ಎಂದು ಕಾಯುವ ನೋಟ. ಅವನು ಸುತ್ತಿಗೆ ಎತ್ತಿ ಅದರ ಹಿಡಿ ಅಲ್ಲಾಡುತ್ತದೆಯೇ ಎಂದು ಪರೀಕ್ಷಿಸಿದ. ಅಲ್ಲಾಡುತ್ತಿರಲಿಲ್ಲ.

ಜುಲೈ ಕೊನೆಯ ಭಾನುವಾರ ಅವಳ ಹತ್ತಿರ ಉಳಿದದ್ದು ಮೇಜೊಂದೇ. ಅದರ ಮೇಲೆ ಏನೂ ಇರಲಿಲ್ಲ.

"ಬುಧವಾರ ಹೊರಡ್ತೀನಿ," ಎಂದಳು. "ಮೊರಾಗ್ ಬೆಡ್‌ರೂಮ್ ಖಾಲಿ ಮಾಡಿಸಿದ್ದಾಳೆ. ಇಲ್ಲಿನ ನನ್ನ ಬಾಡಿಗೆ ಮನೆಗೆ ಬೇರೆಯವರು ಬರ್ತಿದ್ದಾರೆ." ಮೇಜಿನ ಕಾಲುಗಳನ್ನು ಮಡಚಿ ಎತ್ತಿಕೊಂಡಳು. "ಇದು ನಿಂಗೆ. ಮೊದಲನೇ ದಿನವೇ ಕೊಟ್ಟಿದ್ರೆ ಚೆನ್ನಾಗಿತ್ತು."

"ಇರು, ನಾನು ಹಾಕ್ತೀನಿ—"

ಅಷ್ಟರಲ್ಲಿ ಅವಳು ಅವನ ವ್ಯಾನಿನ ಹಿಂಬಾಗಿಲು ತೆರೆದಿದ್ದಳು.

ಒಳಗೆ ಬ್ರೆಡ್ ಯಂತ್ರವಿತ್ತು. ಪರದೆಗಳಿದ್ದವು, ಅವಳು ಮಡಚಿದ ಮಡಿಕೆಯಲ್ಲೇ. ಕಾಲು ತೊಳೆಯುವ ಯಂತ್ರ, ಪ್ರೊಜೆಕ್ಟರ್, ಫಾಂಡ್ಯೂ ಪಾತ್ರೆ. ಒಂದೊಂದರ ಮೇಲೂ ಅವಳ ಕೈಬರಹದ ಚೀಟಿ. ಯಾವುದನ್ನೂ ಅವನು ಕಿತ್ತಿರಲಿಲ್ಲ.

ಹೀದರ್ ಮೇಜನ್ನು ನಿಧಾನವಾಗಿ ನೆಲಕ್ಕೆ ಒರಗಿಸಿದಳು.

"ನೀನಾ?"

ಟ್ರೆವರ್ ಹೌದೆಂದು ತಲೆಯಾಡಿಸಿದ.

"ಎಲ್ಲಾನೂ?"

"ನೀನು ನಿಂತಿರೋದನ್ನ ನೋಡೋಕಾಗ್ತಿರಲಿಲ್ಲ. ಅದಕ್ಕೆ."

"ಹದಿನೈದು ಪೌಂಡ್, ಟ್ರೆವರ್! ಯಾರಾದ್ರೂ ಈ ಪಾತ್ರೆಗೆ ಹದಿನೈದು ಇಡ್ತಾರಾ? ಅಡುಗೆಮನೇಲಿ ಮೂವತ್ತು ವರ್ಷ ಕೆಲಸ ಮಾಡಿದೋಳು ನಾನು. ಯಾವುದಕ್ಕೆ ಎಷ್ಟು ಅಂತ ನಂಗೆ ಗೊತ್ತಿರಲಿಲ್ವಾ? ಹೋಗಬಾರದು ಅಂತಲೇ ಇಟ್ಟಿದ್ದು." ಕಾರ್ಡಿಗನ್ ಜೇಬಿಗೆ ಕೈ ಹಾಕಿ ಏನನ್ನೋ ಹೊರತೆಗೆದಳು. ನೀಲಿ ತುದಿಯ ಫೋರ್ಕ್. "ಆ ಮುದುಕ ಬಂದ ದಿನ ಇದನ್ನ ಜೇಬಿಗೆ ಹಾಕ್ಕೊಂಡೆ. ಅವತ್ತಿಂದ ಇಲ್ಲೇ ಇದೆ."

ಅವನಿಗೆ ಅರ್ಥವಾಗುವುದಕ್ಕೆ ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ವ್ಯಾನಿನ ಅಂಚಿನ ಮೇಲೆ ಕುಳಿತುಬಿಟ್ಟ.

"ಅಕ್ಟೋಬರ್ ಕೊನೆವರೆಗೆ ಇನ್ನೂ ಹದಿನಾಲ್ಕು ಭಾನುವಾರ ಇದ್ವು ನಮಗೆ," ಎಂದಳು ಹೀದರ್. "ಅವಿಷ್ಟನ್ನೂ ನೀನೇ ಕೊಂಡ್ಕೊಂಡ್ಬಿಟ್ಟೆ."

ಅವಳು ನಗಲು ನೋಡಿದಳು. ಆಗಲಿಲ್ಲ. ಅವನ ಪಕ್ಕದಲ್ಲಿ ಕುಳಿತಳು. ಎದುರಿಗೆ ಜನ ತೊಟ್ಟಿಲು, ದೀಪದ ಬುಡ, ಗಾಲ್ಫ್ ಕೋಲು ಹೊತ್ತು ಹೋಗುತ್ತಿದ್ದರು.

"ಹೀದರ್, ನಾನು ನಿನ್ನನ್ನ..." ಟ್ರೆವರ್ ನಿಲ್ಲಿಸಿದ. ಕೈಗಳು ಏನನ್ನಾದರೂ ಹಿಡಿಯಲು ಹುಡುಕುತ್ತಿದ್ದವು. ಹತ್ತಿರ ಯಾವ ಸಲಕರಣೆಯೂ ಇರಲಿಲ್ಲ. "ಪ್ರೀತಿಸ್ತೀನಿ. ಮೇ ತಿಂಗಳಿಂದ."

"ಗೊತ್ತು. ನೀನು ಹೇಳ್ತೀಯಾ ಅಂತ ಕಾಯ್ತಿದ್ದೆ. ಅದಕ್ಕೇ ಅಷ್ಟು ಬೆಲೆ ಇಟ್ಟಿದ್ದು."

"ಹೋಗಬೇಡ."

"ಮೊನ್ನೆ ಮೊರಾಗ್ ಮೆಟ್ಟಿಲ ಮೇಲೆ ಬಿದ್ದಳು. ನಂಗೆ ಹೇಳ್ಲಿಲ್ಲ. ಪಕ್ಕದ ಮನೆಯವರು ಹೇಳಿದ್ರು. ಎಲ್ಲ ಮುಗೀತು, ಬರ್ತೀನಿ ಅಂತ ಹೇಳಿದಾಗ ಅವಳು ಫೋನಲ್ಲಿ ಅತ್ತುಬಿಟ್ಳು. ಅವಳು ಅಳೋಳಲ್ಲ, ಟ್ರೆವರ್." ಹೀದರ್ ಬೆರಳಿನಿಂದ ಫೋರ್ಕಿನ ನೀಲಿ ತುದಿಯನ್ನು ಉಜ್ಜಿದಳು. "ಸಾಮಾನು ಇದ್ದಾಗ ನೆಪ ಇತ್ತು. ಈಗ ಏನಂತ ಹೇಳ್ಲಿ?"

ಅವಳು ಅವನ ಕೈ ಮೇಲೆ ಕೈ ಇಟ್ಟಳು. ಕತ್ತರಿಸಿದ ಗ್ಲೋವ್ಸಿನಿಂದ ಹೊರಬಂದ ಬೆರಳುಗಳು ತಣ್ಣಗಿದ್ದವು. ಬೇಸಿಗೆಯಲ್ಲೂ ಆ ಬಯಲಿನ ಗಾಳಿಗೆ ಕರುಣೆಯಿಲ್ಲ.

ಹೊರಡುವಾಗ ಅವನು ಕಾರಿನ ಕಿಟಕಿಯ ಬಳಿ ಬಗ್ಗಿ, "ಆ ಫೋರ್ಕ್ ಆದ್ರೂ ಕೊಟ್ಟುಹೋಗು. ಸೆಟ್ ಪೂರ್ತಿಯಾಗುತ್ತೆ," ಎಂದ.

"ಅದಕ್ಕೇ ಕೊಡಲ್ಲ," ಎಂದಳು ಹೀದರ್. "ಪೂರ್ತಿಯಾದ್ರೆ ನೀನು ಮಾರಿಬಿಡ್ತೀಯ."

ಕಾರು ರನ್‌ವೇ ಉದ್ದಕ್ಕೂ ಹೋಗಿ, ಡಾಟ್‌ಳ ವ್ಯಾನಿನ ಪಕ್ಕ ತಿರುಗಿ, ಗೇಟು ದಾಟಿತು.

ಆಗಸ್ಟ್‌ನಿಂದ ಟ್ರೆವರ್ ಹೀದರಳ ಮೇಜನ್ನೂ ತನ್ನ ಜಾಗದಲ್ಲಿ ಹಾಕತೊಡಗಿದ. ಉಳಿ, ಗರಗಸ ಕೆಳಗೆ ಬೆಡ್‌ಶೀಟಿನ ಮೇಲೆ. ಮೇಜಿನ ಮೇಲೆ ಅವಳ ಸಾಮಾನು, ಅವಳ ಚೀಟಿ, ಅವಳ ಬೆಲೆ. ಜನ ನಕ್ಕು ಮುಂದೆ ಹೋಗುತ್ತಿದ್ದರು. ಡಾಟ್ ಪ್ರತಿ ವಾರ ಒಂದು ಬೇಕನ್ ರೋಲ್ ತಂದಿಟ್ಟು ಹೋಗುತ್ತಿದ್ದಳು.

ಸೆಪ್ಟೆಂಬರ್‌ನ ಒಂದು ಬೆಳಗ್ಗೆ ಹೊಸದಾಗಿ ಮನೆ ಹೂಡಿದ ಹುಡುಗ ಹುಡುಗಿ ಬಂದರು. ಹುಡುಗಿ ಫಾಂಡ್ಯೂ ಡಬ್ಬ ತೆರೆದಳು.

"ಹದಿನೈದಾ? ಆಯ್ತು, ತಗೋತೀವಿ."

"ಒಂದು ಫೋರ್ಕ್ ಇಲ್ಲ," ಎಂದ ಟ್ರೆವರ್.

"ನಾವು ಇರೋದೇ ಇಬ್ಬರು. ಐದು ಸಾಕು."

"ಆರೂ ಇದ್ರೆ ಮಾತ್ರ ಕೊಡೋದು."

"ಆರನೆಯದು ಎಲ್ಲಿದೆ?"

"ಇನ್ವರ್ನೆಸ್‌ನಲ್ಲಿ."

ಹುಡುಗಿ ಅವನ ಮುಖ ನೋಡಿದಳು. ಇನ್ನೇನೂ ಕೇಳದೆ ಫೋರ್ಕುಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಇಟ್ಟು, ಡಬ್ಬ ಮುಚ್ಚಿದಳು. ಹುಡುಗನಿಗೆ ಅದೆಲ್ಲ ತಿಳಿಯಲಿಲ್ಲ. ಅವನು ಮೇಜಿನ ಅಂಚನ್ನು ಸವರಿ, ಕಾಲನ್ನು ಬಗ್ಗಿ ನೋಡಿ ಹೇಳಿದ:

"ಹೋಗ್ಲಿ ಬಿಡಿ. ಈ ಮೇಜು ಎಷ್ಟು?"

"ಮೇಜು ಮಾರಾಟಕ್ಕಿಲ್ಲ," ಎಂದ ಟ್ರೆವರ್. ಹೇಳಿ, ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದ.

ಅಲ್ಲಿ ಯಾರೋ ಹಳೆಯ ಟೈರುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು.