ಜಾರದ ಒತ್ತಕ್ಷರ

ಅವಳು ಜಗಳ ಶುರುಮಾಡಿದ್ದು ಮುಖವನ್ನೇ ಕಾಣದ ಒಂದು ಗುಬ್ಬಿಯ ಜೊತೆ.

ಚಿಕ್ಕಪ್ಪನ ಮುದ್ರಣಾಲಯದಲ್ಲಿ ಪುಟ ಕಟ್ಟುವ ಕೆಲಸ ಅವಳದು. ಹಳೆಯ ಸಾಫ್ಟ್‌ವೇರ್ ಒಂದು ಕಂಪನಿಯದು. ಅದರೊಳಗೆ ಏನಿದೆಯೆಂದು ಹೊರಗಿನವರು ನೋಡುವಂತಿಲ್ಲ. ಒತ್ತಕ್ಷರ ಒಡೆಯುತ್ತದೆಂದು ಮೂರು ವರ್ಷ ಬರೆದಳು. ಬಂದದ್ದು ಒಂದೇ ಉತ್ತರ: ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.’

ಬೇಸತ್ತು ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಬಂದಳು. ಇದರ ಕೋಡ್ ಎಲ್ಲರ ಮುಂದೆ ತೆರೆದೇ ಇರುತ್ತದೆ, ಬಲ್ಲವರು ತಿದ್ದಬಹುದು. ಪುಟಗಳು ಮೊದಲಿಗಿಂತ ಬೇಗ, ಮೊದಲಿಗಿಂತ ಅಂದವಾಗಿ ಕೂತವು. ದೂರು ಬರೆದರೆ ಮರುದಿನವೇ ‘ಗುಬ್ಬಿ’ ಎಂಬ ಹೆಸರಿನವರು ಯಾರೋ ಸರಿಮಾಡಿರುತ್ತಿದ್ದರು.

ಈಗ ಅಜ್ಜಿ ಕೈಯಾರೆ ಬರೆದ ಪ್ರಾರ್ಥನೆಗಳ ಪುಸ್ತಕ. “ಒಂದು ಒತ್ತು ಬಿಟ್ಟುಹೋದ್ರೂ ನಾನು ಕರೆದಿದ್ದು ಬೇರೆ ಯಾರನ್ನೋ ಆಗುತ್ತೆ ಕಣೇ,” ಎಂದಿದ್ದರು ಅಜ್ಜಿ. ಕರಡಿನಲ್ಲಿ ಒಂದು ಒತ್ತು ಬಿಟ್ಟೇಹೋಗಿತ್ತು.

“ನಾಳೆ ಸಂಜೆಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಹಳೇದಕ್ಕೇ ವಾಪಸ್ಸು,” ಎಂದರು ಚಿಕ್ಕಪ್ಪ.

ಅವಳು ಗುಬ್ಬಿಗೆ ಬರೆದಳು: ‘ಮೂರು ವ್ಯಂಜನ ಸೇರಿದರೆ ಮೂರನೆಯದು ಜಾರುತ್ತಿದೆ. ನಿಮ್ಮ ಮನೆಯಲ್ಲಿ ಮೂರನೆಯವರಿಗೆ ಕುರ್ಚಿ ಕೊಡುವುದಿಲ್ಲವೇ?’

ಎದುರು ಮೇಜಿನಲ್ಲಿ ಕರಡು ತಿದ್ದುವವನು ಕೆಂಪು ಪೆನ್ನು ಕಚ್ಚಿ ನಗು ನುಂಗಿದ.

“ಏನ್ ನಗು?”

“ಏನಿಲ್ಲ. ಕಾಗುಣಿತ.”

ಮರುದಿನ ಬೆಳಿಗ್ಗೆ ನೋಡಿದರೆ ಮೂರನೆಯ ಅಕ್ಷರ ತಾಯಿಯ ಬೆರಳು ಹಿಡಿದ ಮಗುವಿನಂತೆ ನಿಂತಿತ್ತು. ಕುತೂಹಲಕ್ಕೆ ಮೊದಲ ಬಾರಿ ಆ ಕೋಡ್ ತೆರೆದಳು. ತಿದ್ದುಪಡಿಯ ಕೆಳಗೆ, ಪರೀಕ್ಷಿಸಲು ಗುಬ್ಬಿ ಬರೆದಿದ್ದ ಸಾಲು: ‘ಒಲೆಯೊಳಗಿನ ಜ್ಯೋತ್ಸ್ನೆಯೇ.’

ಅವಳ ಬೆರಳು ನಿಂತಿತು. ಒಲೆಯೊಳಗಿನ ಬೆಳದಿಂಗಳು. ಹಾಗೆಂದು ದೇವರನ್ನು ಕರೆಯುವವರು ಅಜ್ಜಿ ಒಬ್ಬರೇ. ಆ ಹಸ್ತಪ್ರತಿ ಓದಿದವರು ಮೂವರೇ: ಅಜ್ಜಿ, ತಾನು, ಮತ್ತು...

ತಲೆಯೆತ್ತಿದಳು.

“ಪ್ರೂಫಿನವರೇ, ಗುಬ್ಬಿ ಗೂಡು ಎಲ್ಲಿರೋದು?”

ಅವನ ಕಿವಿ ಪೆನ್ನಿನ ಶಾಯಿಗಿಂತ ಕೆಂಪಾಯಿತು. “ಎದುರಿಗೇ. ಒಂದು ವರ್ಷದಿಂದ.”

“ಹೇಳಬಾರದಿತ್ತಾ?”

“ಮುಚ್ಚಿಟ್ಟಿರಲಿಲ್ವಲ್ಲ. ಯಾರು ಬೇಕಾದ್ರೂ ತೆರೆದು ನೋಡಬಹುದಿತ್ತು. ನೀವು ನೋಡ್ಲಿಲ್ಲ.”

“ನಾವು ಹಳೇದಕ್ಕೇ ಹೋಗ್ಬಿಟ್ಟಿದ್ರೆ?”

“ನಿಮ್ಮ ದೂರು ಬರೋದು ನಿಲ್ತಿತ್ತು,” ಎಂದ. ಪೆನ್ನಿನ ಮುಚ್ಚಳ ಹಾಕುತ್ತ, “ನನಗೆ ಇದ್ದಿದ್ದು ಅದೊಂದೇ ಭಯ.”

ಸಂಜೆ ಅಜ್ಜಿ ದಪ್ಪಕ್ಷರದ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು, ಬೆರಳಿಟ್ಟು ಓದಿದರು. ಆ ಪದಕ್ಕೆ ಬಂದಾಗ ಬೆರಳು ಕೊನೆಯ ಒತ್ತಿನ ಮೇಲೆ ತಂಗಿತು. ಚಿಕ್ಕಪ್ಪನೂ ಬಗ್ಗಿ ನೋಡಿದರು.

“ಈಗ ಕೂಗು ಮುಟ್ಟುತ್ತೆ,” ಎಂದರು ಅಜ್ಜಿ.

ಚಿಕ್ಕಪ್ಪ ಹಳೆಯ ಸಾಫ್ಟ್‌ವೇರನ್ನು ಕಂಪ್ಯೂಟರಿನಿಂದ ತೆಗೆದುಹಾಕಿದರು.

ಅವಳು ಗುಬ್ಬಿಗೆ ಇನ್ನೊಂದು ದೂರು ಬರೆದಳು: ‘“ನೀವು” ಎಂದಿರುವ ಕಡೆಯೆಲ್ಲ “ನೀನು” ಎಂದಾಗಬೇಕು. ಬೇಗ ತಿದ್ದುವುದು.’

ಎದುರು ಮೇಜಿನಿಂದ ಮೆಲ್ಲನೆ ಉತ್ತರ ಬಂತು. “ತಿದ್ದಾಯ್ತು. ನೀನೇ ನೋಡು.”